ಹಸಿವು ಎಂದರೆ ಎದ್ದುಬಿಡುವ ಅಡುಗೆಯಾಕೆ

"ಗುರುಗಳೇ, ಒಳ್ಳೆಯ ಮನುಷ್ಯನೊಬ್ಬ ಕೈಮುಗಿದು 'ಎದ್ದೇಳಿ' ಎಂದರೆ ಏಳಬೇಕೋ, ಕೂತೇ ಇರಬೇಕೋ?" ಎಂದು ಶಿಷ್ಯ ಹುಲುಗಪ್ಪ ಕೇಳಿದ.

ಅವನು ಹಾಗೆ ಕೇಳಲು ಕಾರಣವಿತ್ತು. ಅವನ ಊರಿನ ಚಹಾದಂಗಡಿಯಲ್ಲಿ ಅವನ ಕೇರಿಯವರಿಗೆ ಬೇರೆ ಲೋಟ ಇಟ್ಟಿದ್ದರು. ಅದು ಬೇಡವೆಂದು ಕೇರಿಯ ಜನ ಒಂಬತ್ತು ದಿನದಿಂದ ಅಂಗಡಿಯ ಮುಂದೆ ಸುಮ್ಮನೆ ಕೂತಿದ್ದರು. ಬೈದವರಿದ್ದರು, ಸಗಣಿನೀರು ಎರಚಿದವರಿದ್ದರು. ಯಾರೂ ಎದ್ದಿರಲಿಲ್ಲ. ಹತ್ತನೆಯ ದಿನ, ಚುನಾವಣೆಗೆ ನಿಂತಿದ್ದ ಸಜ್ಜನನೊಬ್ಬ ಬಂದು, "ನಾನು ನಿಮ್ಮ ಕಡೆಯವನೇ. ಈಗ ಗಲಾಟೆಯಾದರೆ ಸೋಲುತ್ತೇನೆ. ಓಟು ಮುಗಿಯುವವರೆಗೆ ಎದ್ದುಬಿಡಿ. ಗೆದ್ದ ಮೇಲೆ ಆ ಲೋಟ ನಾನೇ ತೆಗೆಸುತ್ತೇನೆ," ಎಂದಿದ್ದ. ಮರುದಿನ ಬೆಳಿಗ್ಗೆ ಅವನಿಗೆ ಉತ್ತರ ಹೇಳಬೇಕಿತ್ತು.

ಗುರುಗಳು ಜಗುಲಿಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಮೊರವನ್ನು ಅವನ ಕಡೆಗೂ ಸ್ವಲ್ಪ ತಳ್ಳಿದರು.

"ಸುಲಿಯುತ್ತ ಕೇಳು ತಮ್ಮಾ. ತಿನ್ನುತ್ತ ಅಲ್ಲ, ಸುಲಿಯುತ್ತ. ನೀನಿನ್ನೂ ಹುಟ್ಟಿರಲಿಲ್ಲ, ಆಗ ಅಮೆರಿಕದಿಂದ ಒಬ್ಬ ಪಾದ್ರಿ ಇಲ್ಲಿಗೆ ಬಂದಿದ್ದರು. ಇದೇ ಜಗುಲಿಯಲ್ಲಿ ಕೂತು ಈ ಕತೆ ಹೇಳಿದರು. ಹೇಳುತ್ತ ಹೇಳುತ್ತ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು," ಎಂದು ಗುರುಗಳು ಹೇಳತೊಡಗಿದರು.

ಆ ದೇಶದ ದಕ್ಷಿಣ ಸೀಮೆಯಲ್ಲಿ ಒಂದು ಊರು. ಊರಲ್ಲಿ ಒಂದು ಹೋಟೆಲು. ಹೋಟೆಲಿನಲ್ಲಿ ತಟ್ಟೆ ಇಟ್ಟು ತಿನ್ನಲು ಒಂದು ಉದ್ದನೆಯ ಕಟ್ಟೆ, ಅದರ ಮುಂದೆ ಒಂಬತ್ತು ಎತ್ತರದ ಸ್ಟೂಲು. ಅಲ್ಲಿ ಬಿಳಿಯರು ಮಾತ್ರ ಕೂರಬೇಕು ಎಂದು ಬಾಗಿಲಿಗೆ ಹಲಗೆ ತೂಗುಹಾಕಿದ್ದರು. ಕಪ್ಪು ಜನರಿಗೆ ಹಿತ್ತಲ ಬಾಗಿಲು. ಅಲ್ಲಿ ನಿಂತರೆ ಕಾಗದದಲ್ಲಿ ಕಟ್ಟಿಕೊಡುತ್ತಿದ್ದರು.

ಆದರೆ ಒಳಗೆ ಅಡುಗೆ ಮಾಡುವವಳು ಕಪ್ಪು ಹೆಂಗಸು. ಹೆಸರು ಲುವೀನಿಯಾ. ಆಕೆಯ ಪೀಚ್ ಹಣ್ಣಿನ ಪೈ ತಿನ್ನಲು ಸುತ್ತಲ ನಾಲ್ಕು ಊರಿನ ಬಿಳಿಯರು ಬರುತ್ತಿದ್ದರು. ಪೈ ಎಂದರೆ ಏನೆಂದು ನನ್ನನ್ನು ಕೇಳಬೇಡ. ಹಣ್ಣಿನ ಹೂರಣ ತುಂಬಿ ಒಲೆಯೊಳಗಿಟ್ಟು ಬೇಯಿಸುವ ದೊಡ್ಡ ಕಡುಬು ಎಂದುಕೋ. ಅಲ್ಲಿ ದುಡಿದ ಹದಿನೆಂಟು ವರ್ಷದಲ್ಲಿ ಆಕೆ ಒಂದು ಕಡುಬನ್ನೂ ಸೀಯಲು ಬಿಟ್ಟವಳಲ್ಲ.

ಅಡುಗೆಮನೆಗೂ ಹೊರಗಿನ ಕೋಣೆಗೂ ನಡುವೆ ಒಂದು ಕಿಂಡಿ. ಆಕೆ ತಟ್ಟೆಯನ್ನು ಕಿಂಡಿಯಲ್ಲಿಟ್ಟು ಗಂಟೆ ಬಾರಿಸಬೇಕು. ಕಿಂಡಿಯಿಂದ ಆಕೆಗೆ ಕಾಣುತ್ತಿದ್ದದ್ದು ಕಟ್ಟೆಯ ಮೇಲಿನ ಕೈಗಳು ಮಾತ್ರ. ಗಿರಾಕಿಗಳ ಮುಖ ಗೊತ್ತಿಲ್ಲ, ಕೈ ಮಾತ್ರ ಗೊತ್ತು. ಉಂಗುರದ ಕೈಗೆ ಸಕ್ಕರೆ ಕಡಿಮೆ, ನಡುಗುವ ಕೈಗೆ ಮೆತ್ತನೆಯ ರೊಟ್ಟಿ, ಹೀಗೆ ಎಲ್ಲರನ್ನೂ ನೋಡಿಕೊಂಡಳು. ತಾನು ಮಾತ್ರ ಎಲ್ಲರದೂ ಮುಗಿದ ಮೇಲೆ ಒಲೆಯ ಪಕ್ಕ ನಿಂತು, ಉಳಿದ ಚೂರನ್ನು ಆರಿಸಿಕೊಂಡು ತಿನ್ನುತ್ತಿದ್ದಳು. ಒಂದೇ ಒಂದು ಸಲ ಆ ಸ್ಟೂಲಿನ ಮೇಲೆ ಕೂತು, ತನ್ನ ಕಡುಬನ್ನು ತಾನು ಬಿಸಿಬಿಸಿಯಾಗಿ ತಟ್ಟೆಯಲ್ಲಿ ತಿನ್ನಬೇಕು. ಅಷ್ಟೇ ಆಕೆಯ ಆಸೆ.

ಆ ವರ್ಷ ಕಪ್ಪು ಜನ ಊರೂರಿನಲ್ಲಿ ಇಂಥ ಹೋಟೆಲುಗಳಿಗೆ ಹೋಗಿ ಸುಮ್ಮನೆ ಕೂರತೊಡಗಿದರು. ಹೊಡೆದರೆ ತಿರುಗಿ ಹೊಡೆಯಬಾರದು, ಬೈದರೆ ಬೈಯಬಾರದು, ಏಳಲೂಬಾರದು. ಕೇಳಲು ಸುಲಭ. ಆದರೆ ಮಾಡಲು ತಾಲೀಮು ಬೇಕು. ಲುವೀನಿಯಾಳ ಊರಿನಲ್ಲೂ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಶನಿವಾರ ತಾಲೀಮು ಶುರುವಾಯಿತು. ಕೆಲವರು ಸಾಲಾಗಿ ಕೂರುವುದು, ಉಳಿದವರು ಪುಂಡರ ವೇಷ ಹಾಕಿ ಅವರನ್ನು ಎಬ್ಬಿಸುವುದು.

ಅಯ್ಯೋ, ಆ ತಾಲೀಮಿನ ಗಮ್ಮತ್ತೇ ಗಮ್ಮತ್ತು! ನನಗೆ ಈ ಕತೆ ಹೇಳಿದ ಪಾದ್ರಿಯೇ ಆ ಚರ್ಚಿನವರು. ಅವರಿಗೆ ಪುಂಡನ ಪಾತ್ರ ಕೊಟ್ಟರೆ, "ದಯವಿಟ್ಟು ಎದ್ದೇಳಿ, ತೊಂದರೆಗೆ ಕ್ಷಮಿಸಿ," ಎನ್ನುತ್ತಿದ್ದರು. ಜನ ಬಿದ್ದು ಬಿದ್ದು ನಗುತ್ತಿದ್ದರು. ಲುವೀನಿಯಾ ಕೂತರೆ ಮಾತ್ರ ಬಂಡೆ. ತಲೆಯ ಮೇಲೆ ಹಿಟ್ಟು ಸುರಿದರು, ಕಿವಿಯಲ್ಲಿ ಕೂಗಿದರು, ಕುರ್ಚಿ ಅಲ್ಲಾಡಿಸಿದರು. ಆಕೆ ಕಣ್ಣು ಮಿಟುಕಿಸಲಿಲ್ಲ. ಆಗ ಹಿಂದಿನ ಸಾಲಿನಲ್ಲಿದ್ದ ಮುದುಕನೊಬ್ಬ ಪಕ್ಕದವನಿಗೆ, "ಏನು ಹೊತ್ತಾಯಿತಪ್ಪಾ, ನನಗಂತೂ ಹಸಿವು," ಎಂದ. ಲುವೀನಿಯಾ ತಟ್ಟನೆ ಎದ್ದು ನಿಂತಳು.

ಮತ್ತೆ ಕೂರಿಸಿದರು. ಮತ್ತೆ ಯಾರೋ ಹಸಿವು ಎಂದರು. ಮತ್ತೆ ಎದ್ದಳು. ಮೂರು ಶನಿವಾರ ಹೀಗೇ ಆಯಿತು. ಪಾಪ, ಹದಿನೆಂಟು ವರ್ಷದ ರೂಢಿ ಕಾಲಿನಲ್ಲಿ ಕೂತುಬಿಟ್ಟಿತ್ತು.

"ಅಕ್ಕಾ, ನೀವು ಬೇಡ," ಎಂದರು ಪಾದ್ರಿ. "ಪುಂಡರು ಬಂದರೆ ನೀವು ಗೆಲ್ಲುತ್ತೀರಿ. ಆದರೆ ಯಾರಾದರೂ ಪಾಪದವನು ಬಂದು ಹಸಿವು ಎಂದರೆ ನಮ್ಮ ಗತಿಯೇನು?"

ಕೂರಲು ಬೇರೆ ಎಂಟು ಜನರನ್ನು ಆರಿಸಿದರು. ಪಾದ್ರಿಯೂ ಅದರಲ್ಲಿದ್ದರು. ಲುವೀನಿಯಾ ಮನೆಗೆ ಹೋಗಿ ಅತ್ತಳು. ಆಕೆಗೆ ಅವಮಾನವೇ ಆಗಿತ್ತು.

ಅಷ್ಟರಲ್ಲಿ ಸುದ್ದಿ ಬಂತು. ದೇಶದ ಅಧ್ಯಕ್ಷನಾಗಲು ಚುನಾವಣೆಗೆ ನಿಂತವನೊಬ್ಬ ರೈಲಿನಲ್ಲಿ ಊರೂರು ಸುತ್ತುತ್ತಿದ್ದಾನೆ, ಗುರುವಾರ ಮಧ್ಯಾಹ್ನ ಈ ಊರಿಗೂ ಬರುತ್ತಾನೆ, ಅದೇ ಹೋಟೆಲಿನಲ್ಲಿ ಪೀಚ್ ಕಡುಬು ತಿನ್ನುತ್ತಾನೆ ಎಂದು. ಓಟಿಗೆ ಹನ್ನೆರಡೇ ದಿನ ಉಳಿದಿತ್ತು. ಆತ ಕೆಟ್ಟವನಲ್ಲ. ಕಪ್ಪು ಜನರ ಬಗ್ಗೆ ಒಳ್ಳೆಯ ಮಾತಾಡಿದ್ದ. ಆದರೆ ಬಿಳಿಯರ ಓಟು ಹೋಗದಷ್ಟೇ ಮಾತಾಡಿದ್ದ.

ಗುರುವಾರ ಬಂತು. ಹೋಟೆಲಿನ ಯಜಮಾನ ಕಟ್ಟೆ ಒರೆಸಿ ಒರೆಸಿ ಕನ್ನಡಿ ಮಾಡಿಟ್ಟ. ಲುವೀನಿಯಾ ಕಡುಬನ್ನು ಒಲೆಯೊಳಗಿಟ್ಟು ಕಿಂಡಿಯಿಂದ ನೋಡಿದಳು. ಅಷ್ಟರಲ್ಲಿ ಬಾಗಿಲು ತೆರೆಯಿತು. ಎಂಟು ಜನ ಸದ್ದಿಲ್ಲದೆ ಬಂದು ಕೂತರು. ಕಟ್ಟೆಯ ಮೇಲೆ ಹದಿನಾರು ಕಪ್ಪು ಕೈಗಳು.

ಹದಿನೆಂಟು ವರ್ಷದಲ್ಲಿ ಆ ಕಿಂಡಿಯಿಂದ ಆಕೆ ತನ್ನವರ ಕೈ ನೋಡಿದವಳಲ್ಲ. ಇದು ಪಕ್ಕದ ಮನೆಯವಳ ಕೈ, ಇದು ಬಡಗಿಯ ಕೈ, ಈ ಮುಗಿದುಕೊಂಡಿರುವುದು ಪಾದ್ರಿಯ ಕೈ. ಹೊರಗೆ ಕೂಗಾಟ ಶುರುವಾಯಿತು. ಯಾರೋ ಆ ಕೈಗಳ ಮೇಲೆ ಸಕ್ಕರೆ ಸುರಿದರು, ಬಿಸಿ ಕಾಫಿ ಚೆಲ್ಲಿದರು. ಕೈಗಳು ಕದಲಲಿಲ್ಲ. ಆಕೆಗೆ ಎದೆ ತುಂಬಿ ಬಂತು.

ಒಂಬತ್ತನೆಯ ಸ್ಟೂಲು ಖಾಲಿಯಿತ್ತು. ಲುವೀನಿಯಾ ಅಡುಗೆಗೆಂದು ಉಡುಪಿನ ಮೇಲೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ ಮೊಳೆಗೆ ಹಾಕಿದಳು. ತಳ್ಳುಬಾಗಿಲು ದಾಟಿ ಹೊರಬಂದಳು. ಹೋಗಿ ಕೂತೇಬಿಟ್ಟಳು. ಪಾದ್ರಿ ಆಕೆಯನ್ನು ನೋಡಿ, "ದೇವರೇ, ಈಕೆಗೆ ಯಾರೂ ಹಸಿವು ಅನ್ನದಿರಲಿ," ಎಂದು ಮನಸ್ಸಿನಲ್ಲೇ ಪ್ರಾರ್ಥಿಸಿದರು.

ಸರಿಯಾಗಿ ಆಗಲೇ ಅಧ್ಯಕ್ಷನಾಗಲು ಹೊರಟವನು ಒಳಗೆ ಬಂದ. ಹಿಂದೆ ಫೋಟೋದವರು. ನೋಡುತ್ತಾನೆ, ಒಂಬತ್ತೂ ಸ್ಟೂಲು ಭರ್ತಿ! ಕೂಗುತ್ತಿದ್ದವರು ಗಪ್‌ಚಿಪ್ ಆದರು. ಆತ ಟೋಪಿ ತೆಗೆದು ಲುವೀನಿಯಾಳ ಪಕ್ಕ ನಿಂತ.

"ತಾಯೀ," ಎಂದ ಮೆಲ್ಲಗೆ, "ನಾನು ನಿಮ್ಮ ಪರವಾಗಿಯೇ ಇದ್ದೇನೆ. ಇವತ್ತೊಂದು ದಿನ ಎದ್ದುಬಿಡಿ. ಗೆದ್ದರೆ ಕಾನೂನು ತಂದು ನಾನೇ ನಿಮ್ಮನ್ನು ಇಲ್ಲಿ ಕೂರಿಸುತ್ತೇನೆ. ಬೆಳಗಿನಿಂದ ಆರು ಊರು ಸುತ್ತಿದ್ದೇನೆ, ಏನೂ ತಿಂದಿಲ್ಲ. ನಿಜವಾಗಿಯೂ ಹಸಿವಾಗಿದೆ."

ಪಾದ್ರಿ ಕಣ್ಣು ಮುಚ್ಚಿಕೊಂಡರು.

ಲುವೀನಿಯಾಳ ಕಾಲು ಕೆಳಗಿಳಿಯಲು ಹವಣಿಸಿತು. ಆತ ಸುಳ್ಳು ಹೇಳುತ್ತಿಲ್ಲವೆಂದು ಆಕೆಗೆ ಗೊತ್ತಾಗುತ್ತಿತ್ತು. ಹಸಿದವನ ದನಿ ಆಕೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದರ ಜೊತೆಗೆ ಒಳಗಿನಿಂದ ಬೆಲ್ಲ ಸೀದಂಥ ವಾಸನೆ ಬೇರೆ ಬಂತು. ಕಡುಬು! ಆಕೆ ಎರಡೂ ಕೈಯಿಂದ ಸ್ಟೂಲಿನ ಅಂಚು ಹಿಡಿದಳು. ಎರಡೂ ಪಾದ ಸ್ಟೂಲಿನ ಕಾಲಿಗೆ ಸುತ್ತಿದಳು.

"ರಾಯರೇ," ಎಂದಳು, "ನನಗೂ ಹಸಿವಾಗಿದೆ. ನೀವು ಬೆಳಗಿನಿಂದ ತಿಂದಿಲ್ಲ, ನಾನು ಹದಿನೆಂಟು ವರ್ಷದಿಂದ ಕೂತು ತಿಂದಿಲ್ಲ. ಇಬ್ಬರಿಗೂ ಆಗುವಷ್ಟು ಒಲೆಯಲ್ಲಿದೆ. ತರುವವರು ಬೇಕು, ಅಷ್ಟೇ."

ಯಜಮಾನ ತಲೆಕೆಟ್ಟು ಅಡುಗೆಮನೆಗೆ ಓಡಿದ. ತನ್ನದೇ ಹೋಟೆಲು, ಆದರೆ ಒಲೆಯ ಬಾಗಿಲು ಯಾವುದೆಂದು ಅವನಿಗೆ ಗೊತ್ತಿಲ್ಲ. "ಎಲ್ಲಿದೆ? ಎಲ್ಲಿದೆ?" ಎಂದು ಒಳಗಿನಿಂದ ಅರಚಿದ. ಲುವೀನಿಯಾ ಕೂತಲ್ಲಿಂದಲೇ, "ಬಲಗಡೆಯದು ಧಣೀ. ಬಟ್ಟೆ ಹಿಡಿದು ತೆಗೆಯಿರಿ," ಎಂದಳು. ಬಟ್ಟೆ ಹಿಡಿಯಲಿಲ್ಲ ಪುಣ್ಯಾತ್ಮ. ಪಾತ್ರೆಗಳು ಧಡಧಡ ಬಿದ್ದವು, "ಅಯ್ಯಪ್ಪೋ!" ಎಂಬ ಕೂಗು ಕೇಳಿತು. ಆಮೇಲೆ ಕಿಂಡಿಯಲ್ಲಿ ಕಡುಬು ಬಂತು, ಎಡಭಾಗ ಕರಿ ಇದ್ದಿಲು. ಯಜಮಾನ ಗಾಬರಿಯಲ್ಲಿ ಗಂಟೆಯನ್ನೂ ಬಾರಿಸಿಬಿಟ್ಟ.

ಆ ಗಂಟೆ ಕೇಳಿ ಮೊದಲು ನಕ್ಕವಳು ಲುವೀನಿಯಾ. ಆಮೇಲೆ ಎಂಟು ಜನ ನಕ್ಕರು. ಕಾಫಿ ಚೆಲ್ಲಿದವನಿಗೂ ನಗು ತಡೆಯಲಾಗಲಿಲ್ಲ, ಬಾಯಿ ಮುಚ್ಚಿಕೊಂಡು ಹೊರಗೆ ಹೋದ. ಅಧ್ಯಕ್ಷನಾಗಲು ಹೊರಟವನು ಒಂದು ಗಳಿಗೆ ಬಾಗಿಲು ನೋಡಿದ, ಒಂದು ಗಳಿಗೆ ಫೋಟೋದವರನ್ನು ನೋಡಿದ. ಅವನ ಜೊತೆಯವನು, "ಬೇಡ, ಓಟು ಹೋಗುತ್ತದೆ," ಎಂದು ತೋಳು ಜಗ್ಗಿದ. ಆತ ತೋಳು ಬಿಡಿಸಿಕೊಂಡ. ಕಿಂಡಿಯಲ್ಲಿದ್ದ ಕಡುಬನ್ನು ತಾನೇ ತಂದು ಕತ್ತರಿಸಿದ. ಸೀಯದ ತುಂಡನ್ನು ತಟ್ಟೆಗೆ ಹಾಕಿ ಲುವೀನಿಯಾಳ ಮುಂದೆ ಇಟ್ಟ. ಸೀದದ್ದನ್ನು ತಾನು ತೆಗೆದುಕೊಂಡ.

ಆಕೆ ಕೂತು ತಿಂದಳು. ಆತ ಪಕ್ಕದಲ್ಲಿ ನಿಂತು ತಿಂದ. ಕಡುಬು ಇನ್ನೂ ಬಿಸಿಯಾಗಿತ್ತು.

ರೈಲು ಹೋದ ಮೇಲೆ ಪೊಲೀಸರು ಬಂದು ಒಂಬತ್ತೂ ಜನರನ್ನು ಹಿಡಿದೊಯ್ದರು. ಅವರು ಹಾಡುತ್ತ ಹೋದರು, ಮೂರು ದಿನದ ಮೇಲೆ ಹಾಡುತ್ತ ಬಂದರು, ಬಂದು ಮತ್ತೆ ಅಲ್ಲೇ ಕೂತರು. ಇಪ್ಪತ್ತಾರನೆಯ ದಿನ ಯಜಮಾನ ಬಾಗಿಲಿನ ಹಲಗೆ ತೆಗೆದ. ಅಷ್ಟೂ ದಿನ ಅವನೇ ಮಾಡಿದ ಅಡುಗೆಯನ್ನು ಅವನ ಹೆಂಡತಿಯೂ ತಿಂದಿರಲಿಲ್ಲವಂತೆ. ಲುವೀನಿಯಾಳ ಮನೆ ಬಾಗಿಲಿಗೇ ಬಂದು ಕರೆದ. ಆಕೆ ಹೋದಳು. ಆದರೆ ಅಡುಗೆ ಮುಗಿದ ಮೇಲೆ ಒಂಬತ್ತನೆಯ ಸ್ಟೂಲಿನ ಮೇಲೆ ಕೂತು, "ಗಂಟೆ ಬಾರಿಸಿ ಧಣೀ," ಎನ್ನುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿ ನಗುತ್ತಿದ್ದರು. ಹುಲುಗಪ್ಪನೂ ನಗುತ್ತಿದ್ದ. ಅವನ ಮುಂದಿನ ಶೇಂಗಾ ಹಾಗೆಯೇ ಇತ್ತು.

"ಆತ ಗೆದ್ದನೇ ಗುರುಗಳೇ?"

"ನಾನೂ ಪಾದ್ರಿಯನ್ನು ಅದನ್ನೇ ಕೇಳಿದೆ. 'ಅದನ್ನು ಯಾವುದಾದರೂ ಪುಸ್ತಕದಲ್ಲಿ ನೋಡಿಕೊಳ್ಳಿ, ಕಡುಬು ಎಡಗಡೆ ಸೀದಿತ್ತೆಂಬುದು ಮಾತ್ರ ಯಾವ ಪುಸ್ತಕದಲ್ಲೂ ಸಿಗದು' ಎಂದರು."

ಹುಲುಗಪ್ಪ ಒಂದು ಶೇಂಗಾ ಕೈಗೆತ್ತಿಕೊಂಡ. "ಆದರೂ ಗುರುಗಳೇ, ಅಂಥ ಒಳ್ಳೆಯವನು ಅಷ್ಟು ಕೇಳಿಕೊಂಡಾಗ ಆಕೆ ಎದ್ದಿದ್ದರೆ ಏನು ತಪ್ಪಾಗುತ್ತಿತ್ತು?"

ಗುರುಗಳು ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಆಕೆ ಎದ್ದುಬಿಟ್ಟಿದ್ದರೆ, ತಾನು ಒಳ್ಳೆಯವನು ಹೌದೋ ಅಲ್ಲವೋ ಎಂಬುದು ಅವನಿಗೇ ಗೊತ್ತಾಗುತ್ತಿರಲಿಲ್ಲವಲ್ಲ ತಮ್ಮಾ."