ಬೀಗ ಜಗ್ಗಿದವರು

ಆಯುಧಪೂಜೆಯ ಬೆಳಿಗ್ಗೆ ಹಾಲಮ್ಮಜ್ಜಿ ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿ, ಒರೆಸಿ, ತಲೆಬಾಗಿಲ ಪಕ್ಕ ಇಟ್ಟಳು. ಚಿಲಕದಲ್ಲಿ ತೂಗುತ್ತಿದ್ದ ಹಿತ್ತಾಳೆ ಬೀಗವನ್ನೂ ಹುಣಸೆಹಣ್ಣು ಹಚ್ಚಿ ಬೆಳಗಿದಳು. ಅವಳು ಒಳಗೆ ಹೋದದ್ದೇ ತಡ, ಸೂಟ್‌ಕೇಸ್ ಬಾಯಿಬಿಟ್ಟಿತು.

"ಈ ವರ್ಷ ನಾನು ಅಜ್ಜಿಯ ಮೊಮ್ಮಗಳ ಮದುವೆಗೆ ಹುಬ್ಬಳ್ಳಿಗೆ ಹೋದೆ, ಮರಿಮಗನ ನಾಮಕರಣಕ್ಕೆ ಮೈಸೂರಿಗೆ ಹೋದೆ, ಕಾರವಾರದ ಸಮುದ್ರವನ್ನೂ ನೋಡಿ ಬಂದೆ. ನೀನೇನು ನೋಡಿದೆ?"

"ಮುಚ್ಚಿದ ಬಾಗಿಲು ನೋಡಿದೆ," ಎಂದಿತು ಬೀಗ. "ಆದರೆ ಹೊರಡುವಾಗ ಮನೆಯವರೆಲ್ಲ ನನ್ನನ್ನು ಒಂದೊಂದು ಸಲ ಜಗ್ಗಿ ಹೋಗುತ್ತಾರೆ. ಹೋಗಿ ಬರುತ್ತೇವೆ ಎಂದು ನನಗೆ ಹೇಳುವ ಬಗೆ ಅದು."

ಸೂಟ್‌ಕೇಸ್ ನಕ್ಕಿತು. "ಅದು ಅಪನಂಬಿಕೆಯಯ್ಯಾ. ಇಲ್ಲದಿದ್ದರೆ ಮಗ ಜಗ್ಗಿದ ಮೇಲೆ ಸೊಸೆ ಯಾಕೆ ಜಗ್ಗಬೇಕು? ಗೇಟಿನ ತನಕ ಹೋದ ಅಜ್ಜಿ ವಾಪಸ್ ಬಂದು ಯಾಕೆ ಜಗ್ಗಬೇಕು?"

ಇಷ್ಟು ದಿನ ತಪ್ಪು ತಿಳಿದಿದ್ದೆನೇನೋ ಎಂದು ಬೀಗದ ಮುಖ ಸಪ್ಪಗಾಯಿತು.

ಅಷ್ಟರಲ್ಲಿ ಎಲ್ಲರೂ ಪೂಜೆಗೆ ಬಂದರು. ಅಜ್ಜಿ ಬೀಗಕ್ಕೆ ವಿಭೂತಿ, ಕುಂಕುಮ ಹಚ್ಚಿ, ಚೆಂಡುಹೂ ಸಿಕ್ಕಿಸಿ ಕೈಮುಗಿದಳು. "ಹೋದಲ್ಲಿಂದೆಲ್ಲ ಸುಖವಾಗಿ ಬಂದ್ವಿ. ಮನೆ ಕಾಯ್ದೆಯಪ್ಪ, ನಿನ್ನ ಋಣ ದೊಡ್ಡದು," ಎಂದು ಮೆಲ್ಲಗೆ ಒಮ್ಮೆ ಜಗ್ಗಿದಳು. ಮಗನೂ ಸೊಸೆಯೂ ನಗುತ್ತಾ ಜಗ್ಗಿದರು. ಹುಬ್ಬಳ್ಳಿಯಿಂದ ಬಂದಿದ್ದ ಹೊಸ ಅಳಿಯ, ಇದು ಈ ಮನೆಯ ಪದ್ಧತಿ ಇರಬೇಕೆಂದುಕೊಂಡು, ಕಣ್ಣುಮುಚ್ಚಿ ಭಕ್ತಿಯಿಂದ ಜಗ್ಗಿದ.

ಬಾಗಿಲು ಹಾರುಹೊಡೆದಿತ್ತು. ಯಾರೂ ಎಲ್ಲಿಗೂ ಹೊರಟಿರಲಿಲ್ಲ.

ಸೂಟ್‌ಕೇಸ್ ಸದ್ದಿಲ್ಲದೆ ತನ್ನ ಹಿಡಿಕೆಯನ್ನು ಮೇಲೆತ್ತಿಕೊಂಡು ತನ್ನ ಸರದಿಗೆ ಕಾಯತೊಡಗಿತು.