ಬಾರದ ಬಿಳಿಯ ಹಿರಿಮೆ

ಕಲಾವಿದೆ ದಾಕ್ಷಾಯಣಿ ದಿನವೂ ಬೆಳಿಗ್ಗೆ ಜಲವರ್ಣದಲ್ಲಿ ಬಡಗಣ ಹಿಮಗಿರಿಯೊಂದನ್ನು ಚಿತ್ರಿಸುತ್ತಿದ್ದಳು. ಅವಳ ಬಣ್ಣದ ಪೆಟ್ಟಿಗೆಯಲ್ಲಿ ನೀಲಿ ಬಿಲ್ಲೆ ಸವೆದು ಗುಳಿಬಿದ್ದಿತ್ತು. ಬಿಳಿ ಬಿಲ್ಲೆ ಮಾತ್ರ ಕೊಂಡಂದಿನಂತೆಯೇ ಉಳಿದಿತ್ತು.

"ಹಿಮಕ್ಕೆ ನಾನೇ ಒಡೆಯ. ಇಂದಾದರೂ ಕರೆ ಬಂದೀತು," ಎಂದಿತು ಬಿಳಿ.

ಕುಂಚವು ನೀಲಿಯನ್ನಷ್ಟೇ ಅದ್ದಿಕೊಂಡು ಆಕಾಶವನ್ನೂ ಕಣಿವೆಯ ನೆರಳನ್ನೂ ಬರೆಯಿತು. ನಡುವೆ ಬರಿದೇ ಬಿಟ್ಟ ಕಾಗದವು ಹಿಮಶಿಖರವಾಗಿ ಹೊಳೆಯಿತು.

"ನಾನಿಲ್ಲದೆ ಹಿಮವೆಲ್ಲಿಂದ ಬಂತು?" ಎಂದು ಬಿಳಿ ಚೀರಿತು.

"ಇಲ್ಲಿಗೆ ಯಾವ ಬಣ್ಣವೂ ಬರಲಿಲ್ಲ, ಅದರಿಂದಲೇ ಹಿಮವಾಯಿತು," ಎಂದಿತು ಕಾಗದ.

ಬಿಳಿ ಬೀಗಿತು: "ಹಾಗಾದರೆ ಅದು ನನ್ನದೇ ಕೃತಿ! ನಾನು ಬಾರದಿದ್ದುದರಿಂದಲ್ಲವೇ ಮೂಡಿದ್ದು?"

ಮತ್ತಷ್ಟು ಸವೆದಿದ್ದ ನೀಲಿ ವಿನಯದಿಂದ ನುಡಿಯಿತು: "ನಿಜ, ಮಹಾಸ್ವಾಮಿ. ನಾಳೆಯೂ ತಾವು ದಯಮಾಡಿಸದೆ ಇರಬೇಕೆಂದು ಬಿನ್ನಹ."