ಸಣ್ಣೀರಮ್ಮನ ಬೆನ್ನು

“ಗುರುಗಳೇ, ನಾನು ಎಲ್ಲರ ಸೇವೆ ಮಾಡುತ್ತೇನೆ. ಯಾರಿಂದಲೂ ಸೇವೆ ಮಾಡಿಸಿಕೊಳ್ಳುವುದಿಲ್ಲ. ಇದರಲ್ಲಿ ತಪ್ಪೇನಾದರೂ ಇದೆಯೇ?” ಎಂದು ಶಿಷ್ಯನೊಬ್ಬ ಕೇಳಿದ. ಅವನ ಹಿಮ್ಮಡಿಗಳು ಒಡೆದು ರಕ್ತ ಜಿನುಗುತ್ತಿತ್ತು. ಎಣ್ಣೆ ಹಚ್ಚಲು ಬಂದ ಜೊತೆಯವನನ್ನು ಆಗಷ್ಟೇ ಹಿಂದಕ್ಕೆ ಕಳಿಸಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಸಣ್ಣೀರಮ್ಮ ಎಂಬ ಮುದುಕಿ ಇದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಊರಿನ ಬಾಣಂತಿಯರಿಗೂ ಕೂಸುಗಳಿಗೂ ನೀರೆರೆಯುವುದು ಅವಳ ಕೆಲಸ. ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ಹೆಸರುಹಿಟ್ಟು ಹಚ್ಚಿ ತೊಳೆಯುತ್ತಿದ್ದಳು. ಅವಳ ಕೈ ತಾಗದ ಮೈ ಆ ಊರಿನಲ್ಲಿ ಕಡಿಮೆ.

ಒಂದು ಚಳಿಗಾಲ ಅವಳು ಬಾವಿಕಟ್ಟೆಯ ಮೇಲೆ ಜಾರಿ ಬಿದ್ದಳು. ಬಲಗೈ ಮುರಿಯಿತು. ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿ, ಎರಡು ತಿಂಗಳು ಕೈ ಅಲ್ಲಾಡಿಸಬೇಡ ಎಂದ. ಅಕ್ಕಪಕ್ಕದವರು ಊಟ ತಂದರೆ ಬಾಗಿಲಲ್ಲೇ ಇಸಿದುಕೊಂಡು ಕಳಿಸುತ್ತಿದ್ದಳು. ಮೈ ತೊಳೆಯುತ್ತೇವೆ ಎಂದು ಬಂದವರಿಗೆ, “ನನಗಿನ್ನೂ ಅಂಥ ಗತಿ ಬಂದಿಲ್ಲ” ಎಂದಳು. ಎಡಗೈಯಲ್ಲಿ ಎಷ್ಟು ನೀರು ಸುರಿದುಕೊಂಡರೂ ಬೆನ್ನು ಸಿಗಲಿಲ್ಲ. ಮೂರು ವಾರಕ್ಕೆ ಬೆನ್ನ ತುಂಬ ಗುಳ್ಳೆ ಎದ್ದವು. ಕೂದಲು ಗಂಟುಗಟ್ಟಿತು. ತುರಿಕೆ ತಡೆಯಲಾರದೆ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುವಳು. ಆದರೂ ಯಾರನ್ನೂ ಕೇಳಲಿಲ್ಲ.

ಅದೇ ಬೀದಿಯ ಕೆಂಚಮ್ಮ ಹೆತ್ತು ತಿಂಗಳಾಗಿತ್ತು. ತಾಯಿಯಿಲ್ಲದ ಹುಡುಗಿ, ಚೊಚ್ಚಲು ಕೂಸು. ಸಣ್ಣೀರಮ್ಮನ ಬದಲು ನೀರೆರೆಯಲು ಬಂದಿದ್ದ ಅತ್ತಿಗೆ ತನ್ನೂರಿಗೆ ಹೊರಟುಹೋಗಿದ್ದಳು. ಕೂಸನ್ನು ನೀರಿಗೆ ಹಿಡಿಯಲು ಕೆಂಚಮ್ಮನಿಗೆ ಭಯ. ಸುದ್ದಿ ಕೇಳಿ ಸಣ್ಣೀರಮ್ಮ ತಾನಾಗಿಯೇ ಹೋದಳು. ಬಚ್ಚಲ ಬಾಗಿಲಲ್ಲಿ ಕೂತು ಹೇಳಿಕೊಟ್ಟಳು. ನೀರಿಗೆ ಬೇವಿನ ಸೊಪ್ಪು ಹಾಕು, ಮೊಣಕೈ ಅದ್ದಿ ಬಿಸಿ ನೋಡು, ಕುತ್ತಿಗೆಯ ಮಡಿಕೆ ಮರೆಯಬೇಡ. ಕೆಂಚಮ್ಮ ಹೆದರುತ್ತಲೇ ಹಾಗೆ ಮಾಡಿದಳು.

ಕೂಸು ಮಲಗಿತು. ಹಂಡೆಯಲ್ಲಿ ಬಿಸಿನೀರು ಉಳಿದಿತ್ತು.

“ಬಾ ಅಜ್ಜಿ, ನಿನಗೂ ಎರೆಯುತ್ತೇನೆ” ಎಂದಳು ಕೆಂಚಮ್ಮ.

“ಬೇಡವ್ವ. ನನ್ನ ಮೈ ನೋಡಿದರೆ ಹೇಸಿಕೊಳ್ಳುತ್ತೀಯ. ಬಾಣಂತಿ ಕೈಲಿ ನಾನು ಮಾಡಿಸಿಕೊಳ್ಳುವುದೇ?”

ಕೆಂಚಮ್ಮ ತಲೆ ತಗ್ಗಿಸಿದಳು. “ನಮ್ಮವ್ವ ಹೋದಾಗ ನಾನಿನ್ನೂ ಅಂಬೆಗಾಲು ಇಡುತ್ತಿದ್ದೆನಂತೆ. ಒಂದು ಸಲವೂ ಅವಳ ಬೆನ್ನು ತಿಕ್ಕಲು ನನಗೆ ಸಿಗಲಿಲ್ಲ ಅಜ್ಜಿ.”

ಸಣ್ಣೀರಮ್ಮ ಎದ್ದಳು. ಒಳಗೆ ಹೋಗಿ ಬಚ್ಚಲ ಕಲ್ಲಿನ ಮೇಲೆ ಬೆನ್ನು ಮಾಡಿ ಕೂತಳು.

ಹುಡುಗಿ ಮುರಿದ ಕೈಯನ್ನು ನೀರು ತಾಗದಂತೆ ಪಕ್ಕಕ್ಕೆ ಎತ್ತಿ ಇರಿಸಿದಳು. ಗುಳ್ಳೆಗಳ ಮೇಲೆ ಮೆಲ್ಲಗೆ ಎಣ್ಣೆ ಸವರಿದಳು. ಸೀಗೆಪುಡಿ ಹಾಕಿ ಕೂದಲಿನ ಗಂಟುಗಳನ್ನು ಎಳೆಎಳೆಯಾಗಿ ಬಿಡಿಸಿದಳು. ನೀರು ಬೆನ್ನ ಮೇಲೆ ಇಳಿಯುತ್ತಿದ್ದಂತೆ ಮುದುಕಿ ಬಿಕ್ಕಿದಳು.

“ಬಿಸಿ ಹೆಚ್ಚಾಯಿತೇ ಅಜ್ಜಿ?”

“ಇಲ್ಲ ಮಗಳೇ. ಈ ಬೆನ್ನನ್ನು ಯಾರಾದರೂ ಮುಟ್ಟಿ ನಲವತ್ತು ವರ್ಷವಾಯಿತು.”

ಕೆಂಚಮ್ಮ ಚೊಂಬು ತುಂಬಿಕೊಂಡಳು. ಬೆನ್ನ ಮೇಲೆ ಎರೆದಳು. ಕಣ್ಣು ಒರೆಸಿಕೊಂಡು ಮತ್ತೊಂದು ಎರೆದಳು. ಅವಳ ಭಯ ಯಾವಾಗಲೋ ಹೋಗಿತ್ತು.

ಮೂಳೆ ಕೂಡುವವರೆಗೂ ಸಣ್ಣೀರಮ್ಮ ದಿನ ಬಿಟ್ಟು ದಿನ ಆ ಮನೆಗೆ ಹೋದಳು. ಗುಳ್ಳೆಗಳು ಮಾಯ್ದವು. ಕೆಂಚಮ್ಮ ಅಂದಿನಿಂದ ತನ್ನ ಕೂಸಿಗೆ ತಾನೇ ಹೆದರದೆ ನೀರೆರೆದಳು.

ಇಷ್ಟು ಹೇಳಿ ಗುರುಗಳು ಶಿಷ್ಯನ ಮುಖ ನೋಡಿದರು.

“ಆ ದಿನ ಆ ಬಚ್ಚಲಲ್ಲಿ ಕೊಟ್ಟವರು ಯಾರು, ಹೇಳು?”

ಶಿಷ್ಯ ಜೊತೆಯವನನ್ನು ಕೂಗಿ ಕರೆದು, ಒಡೆದ ಹಿಮ್ಮಡಿಗಳನ್ನು ಅವನ ಮುಂದೆ ಚಾಚಿದ.